ಬೇಕೆಂದೇ ತಪ್ಪು ನುಡಿಸುವವನು

೧

ಎಲ್ಲಿಂದ ಶುರು ಮಾಡಲಿ? ಮೆಟ್ಟಿಲಿನಿಂದ ಶುರು ಮಾಡಿದರೆ ನೀವು ಹತ್ತುವಷ್ಟರಲ್ಲಿ ಸುಸ್ತಾಗುತ್ತೀರಿ; ಇಪ್ಪತ್ತೆರಡು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಸದ್ದಿನಿಂದ ಶುರು ಮಾಡೋಣವೆಂದರೆ, ವಯಸ್ಸಾದವರು ಹೊಸದಾಗಿ ಕಲಿಯುವ ಪಿಟೀಲಿನ ಸದ್ದನ್ನು ಮೊದಲ ಸಾಲಿನಲ್ಲೇ ಕೇಳಿಸಿದರೆ ನೀವು ಪುಸ್ತಕ ಮುಚ್ಚಿ ಎದ್ದುಬಿಡುತ್ತೀರಿ. ನಿನ್ನೆ "ಅದೊಂದು ಸುಂದರ ಸಂಜೆ" ಎಂದು ಬರೆದಿದ್ದೆ. ಬೆಳಿಗ್ಗೆ ಓದಿದಾಗ ನನಗೇ ನಗು ಬಂತು. ಹೊಡೆದುಹಾಕಿದೆ.

ಹೋಗಲಿ, ಮನುಷ್ಯನಿಂದಲೇ ಶುರು ಮಾಡುತ್ತೇನೆ.

ಬೀಗ ರಿಪೇರಿ ಮಾಡುವವನು. ವಯಸ್ಸು ಐವತ್ತೆಂಟು. ಕ್ಲಾಸಿನಲ್ಲಿ ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಾರೆ. ಮಂಗಳವಾರ ಸಂಜೆ ಆರಕ್ಕೆ, ಅಂಗಡಿ ಸಾಲಿನ ಮೇಲಿನ ಕೋಣೆಯಲ್ಲಿ, ಪಿಟೀಲಿನ ಮೊದಲನೇ ಬ್ಯಾಚಿನಲ್ಲಿ ಕೂರುತ್ತಾನೆ. ಅದು ಆರು ತಿಂಗಳ ಬ್ಯಾಚು. ಅವನು ಅಲ್ಲಿ ಕೂತು ಎರಡು ವರ್ಷವಾಯಿತು.

(ದಡ್ಡ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಮೂರು ಹಾಳೆ ತುಂಬಿಸಿದ್ದೆ. ಅವನೇ ಬಂದು ಎದುರಿಗೆ ನಿಂತ.)

"ಏನ್ ಯಜಮಾನ್ರೇ, ನನ್ನನ್ನ ದಡ್ಡ ಅಂತ ಬರೆದಿದ್ದೀರಂತೆ?"

"ಎರಡು ವರ್ಷದಿಂದ ಒಂದೇ ಪಾಠದಲ್ಲಿದ್ದೀಯಲ್ಲಪ್ಪ. ಬುದ್ಧಿವಂತ ಅಂತ ಹೇಗೆ ಬರೀಲಿ?"

"ಪಾಠ ಯಾವತ್ತೋ ಬಂದಿದೆ. ನಾನು ಬೇಕಂತ್ಲೇ ತಪ್ಪು ನುಡಿಸ್ತೀನಿ."

ಮೂರೂ ಹಾಳೆ ಹರಿದೆ.

೨

ಆ ಕೋಣೆಯಲ್ಲಿ ಇಬ್ಬರಿಗೆ ಒಂದು ಸ್ಟ್ಯಾಂಡು. ಒಂದೇ ಹಾಳೆಯನ್ನು ನೋಡಿಕೊಂಡು ಇಬ್ಬರೂ ನುಡಿಸಬೇಕು. ಪುಟದ ಕೊನೆ ಬಂದಾಗ ಎಡಗಡೆ ಕೂತವರು ತಲೆಯಾಡಿಸುತ್ತಾರೆ, ಬಲಗಡೆಯವರು ಕಮಾನು ನಿಲ್ಲಿಸಿ ಪುಟ ತಿರುಗಿಸುತ್ತಾರೆ. ಇಷ್ಟೇ ನಿಯಮ.

ಬೀಗದಣ್ಣ ಬಲಗಡೆ. ಎಡಗಡೆ ಅವನ ಸ್ವಂತ ಅಕ್ಕ.

ಅಕ್ಕ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತಳಾದವಳು. ಮೂವತ್ತು ವರ್ಷ ಪರರ ಜಗಳಗಳನ್ನು ಟೈಪ್ ಮಾಡಿದವಳು, ತನ್ನ ಜಗಳದಲ್ಲೂ ಒಂದಕ್ಷರ ಬಿಟ್ಟುಕೊಡುವುದಿಲ್ಲ. ತಮ್ಮನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ಒಬ್ಬರು ಸೇರಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇಬ್ಬರೂ ಒಂದೇ ದಿನ ಪಿಟೀಲಿಗೆ ಸೇರಿದರು. ಚಿಕ್ಕಂದಿನಲ್ಲಿ ಒಂದೇ ರೇಡಿಯೋಗೆ ಕಿವಿ ಹಚ್ಚಿ ಬೆಳೆದವರು, ಇನ್ನೇನಾಗುತ್ತದೆ? ಖಾಲಿ ಇದ್ದದ್ದು ಒಂದೇ ಸ್ಟ್ಯಾಂಡು. (ಇದನ್ನು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಇಷ್ಟು ಕೆಟ್ಟದಾಗಿ ಕಟ್ಟುತ್ತಿರಲಿಲ್ಲ.)

ಮೊದಲ ಪಾಠದಲ್ಲಿ ಪುಟದ ಕೊನೆ ಬಂತು. ಅಕ್ಕ ಗೋಡೆ ನೋಡಿದಳು, ಕಿಟಕಿ ನೋಡಿದಳು, ಕೊನೆಗೆ ಬೇರೆ ದಾರಿಯಿಲ್ಲದೆ ತಲೆಯಾಡಿಸಿದಳು. ಏಳು ವರ್ಷದ ಮೇಲೆ ಅವನ ಕಡೆಗೆ ಅವಳಾಡಿಸಿದ ಮೊದಲ ತಲೆ. ಆ ಸಂಜೆ ಅವನು ಮನೆಗೆ ಹೋಗಿ ಹೆಂಡತಿಗೆ "ಅಕ್ಕ ಹೂಂ ಅಂದ್ಲು" ಎಂದ.

"ಯಾವುದಕ್ಕೆ?"

"ಪುಟ ತಿರುಗಿಸೋದಕ್ಕೆ."

೩

ಜಗಳ ಯಾಕೆ ಎಂದು ನೀವು ಕೇಳುತ್ತಿದ್ದೀರಿ. ಹೇಳದೆ ಸತಾಯಿಸುವುದು ಈಗಿನ ಕತೆಗಾರರ ಚಾಳಿ, ನನಗೆ ಅಷ್ಟು ತಾಳ್ಮೆಯಿಲ್ಲ.

ಅಮ್ಮ ತೀರಿಕೊಂಡಾಗ ಒಂದು ಬೀರು ಬಿಟ್ಟುಹೋದಳು, ಅದರ ಕೀಲಿ ಸಿಗಲಿಲ್ಲ. ಭಾನುವಾರ ಇಬ್ಬರೂ ಸೇರಿ ತೆಗೆಯೋಣ ಎಂದು ಮಾತಾಯಿತು. ತಮ್ಮ ಶನಿವಾರವೇ ತೆಗೆದುಬಿಟ್ಟ. ಆಸೆಗಲ್ಲ, ದೇವರಾಣೆ. ತೆರೆಯದ ಬೀಗವೊಂದು ಎದುರಿಗಿದ್ದರೆ ಅವನ ಕೈ ಸುಮ್ಮನಿರುವುದಿಲ್ಲ. ಭಾನುವಾರ ಅಕ್ಕನೆದುರು ಒದ್ದಾಡುವುದು ಬೇಡ, ಒಮ್ಮೆ ತೆಗೆದು ನೋಡಿ ಮತ್ತೆ ಹಾಕಿದರಾಯಿತು ಎಂದುಕೊಂಡ. ಒಳಗಿದ್ದದ್ದು ನಾಲ್ಕು ಹಳೇ ಹೊದಿಕೆ. ಭಾನುವಾರ ಬೀಗದ ಮೇಲಿನ ಹೊಸ ಗೀರು ಅಕ್ಕನ ಕಣ್ಣಿಗೆ ಬಿತ್ತು.

"ಒಳಗೇನಿತ್ತು ಅನ್ನೋದಲ್ಲ ಕಣೋ. ನಾನಿಲ್ದೆ ತೆಗೆದೆ." ಅವಳು ಆಡಿದ ಕೊನೆಯ ಮಾತು ಅದು. ಮೂರು ಸಲ ಕ್ಷಮೆ ಕೇಳಲು ಹೋದ. ಮೂರು ಸಲವೂ ಬಾಗಿಲು ತೆರೆಯಲಿಲ್ಲ. (ಎಂಥ ಬಾಗಿಲನ್ನೂ ತೆರೆಯಬಲ್ಲವನು. ಆದರೆ ಆ ಮೂರು ಸಲವೂ ಬೀಗ ಮುಟ್ಟದಷ್ಟು ಬುದ್ಧಿ ಇಟ್ಟುಕೊಂಡಿದ್ದ.)

೫

(ನಾಲ್ಕನೆಯದನ್ನು ಹರಿದೆ. ಅದರಲ್ಲಿ ಹಲ್ಲಿನ ಡಾಕ್ಟರೊಬ್ಬರು ಪಿಟೀಲು ನುಡಿಸುತ್ತಿದ್ದರು. ಕೇಳಿದವರಿಗೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ಕತೆಗೆ ಅವರಿಂದ ಉಪಯೋಗವಿರಲಿಲ್ಲ.)

ಆರು ತಿಂಗಳಿಗೊಮ್ಮೆ ಪರೀಕ್ಷೆ. ಪಾಸಾದವರು ಗುರುವಾರದ ಎರಡನೇ ಬ್ಯಾಚಿಗೆ, ಉಳಿದವರು ಮಂಗಳವಾರದಲ್ಲೇ. ಅಕ್ಕನಿಗೆ ಪಿಟೀಲು ಒಲಿಯುತ್ತಿಲ್ಲ; ತಂತಿಯನ್ನು ಟೈಪ್‌ರೈಟರ್ ಎಂದುಕೊಂಡು ಕುಟ್ಟುತ್ತಾಳೆ. ಹಾಗಾಗಿ ಬೀಗದಣ್ಣ ಮೂರು ಪರೀಕ್ಷೆಯಲ್ಲೂ ಮೂರನೇ ಸಾಲಿನಲ್ಲಿ ಬೆರಳು ಕೂದಲೆಳೆಯಷ್ಟು ಜಾರಿಸಿ ಫೇಲಾದ. ಪಾಸಾದರೆ ಮಂಗಳವಾರ ಹೋಯಿತು. ಮಂಗಳವಾರ ಹೋದರೆ ಆ ತಲೆಯಾಡಿಸುವಿಕೆಯೂ ಹೋಯಿತು.

ಕಲಿಸುವ ಮೇಡಂ ಅವನ ಮಗಳ ವಯಸ್ಸಿನವಳು. ನಾಲ್ಕನೇ ಪರೀಕ್ಷೆಗೆ ಮುಂಚೆ ಅವಳೆಂದಳು: "ಈ ಸಲ ಒಬ್ಬೊಬ್ರೇ ನುಡಿಸ್ಬೇಕು. ಜೊತೆಗಾರರು ಪಕ್ಕದಲ್ಲಿ ನಿಂತು ಪುಟ ತಿರುಗಿಸ್ಲಿ."

ಈಗ ಕೊನೆ ಬರೆಯಬೇಕು.

ಕೊನೆ, ಒಂದನೆಯದು: ಅವನು ಮತ್ತೆ ತಪ್ಪು ನುಡಿಸಿ ಮಂಗಳವಾರದಲ್ಲೇ ಉಳಿಯುತ್ತಾನೆ. ನನಗೆ ಇಷ್ಟವಾಯಿತು. ಅವನಿಗೆ ಆಗಲಿಲ್ಲ.

"ಎಷ್ಟು ದಿನ ಅಂತ ಹೀಗೇ ಎಡವ್ಲಿ ಯಜಮಾನ್ರೇ? ಮೇಡಂ ಮುಖ ನೋಡಕ್ಕಾಗಲ್ಲ. ಪಾಪ, ತಾನೇ ಸರಿಯಾಗಿ ಕಲಿಸ್ಲಿಲ್ವೇನೋ ಅಂತ ಕೊರಗ್ತಾಳೆ."

ಕೊನೆ, ಎರಡನೆಯದು: ಅಕ್ಕನೂ ತಮ್ಮನಿಗಾಗಿ ಎರಡು ವರ್ಷದಿಂದ ಬೇಕೆಂದೇ ತಪ್ಪು ನುಡಿಸುತ್ತಿದ್ದಳು! ನೀವು ಇದನ್ನೇ ಊಹಿಸಿದ್ದಿರಿ, ಇಲ್ಲವೆನ್ನಬೇಡಿ. ಬರೆದು ಮುಗಿಸುವ ಮೊದಲೇ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರ್ರೀ ನಿಮಗೆ ಹೇಳಿದ್ದು? ನಂಗೆ ನಿಜವಾಗ್ಲೂ ಬರಲ್ಲ. ಬರದೇ ಇರೋದೇನು ಅಪರಾಧವಾ? ತೆಗೀರಿ ಅದನ್ನ."

ತೆಗೆದೆ. ಇನ್ನು ಆದದ್ದನ್ನೇ ಬರೆಯುವುದು ಕ್ಷೇಮ.

೬

ಮೂರನೇ ಸಾಲಿನಲ್ಲಿ ಜಾರಬೇಕೆಂದು ಗಟ್ಟಿ ಮಾಡಿಕೊಂಡೇ ಬೀಗದಣ್ಣ ಕಮಾನು ಎತ್ತಿದ. ಅಕ್ಕ ಪಕ್ಕದಲ್ಲಿ ನಿಂತು ಹಾಳೆಯ ಮೂಲೆ ಹಿಡಿದಳು. ಆ ಕೈಯನ್ನು ಅವನು ಇಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿದ್ದವು. ನರಗಳು ಎದ್ದಿದ್ದವು. ಹಾಳೆ ಅದುರುತ್ತಿತ್ತು. ಇವಳಿಗೆ ಯಾವಾಗಿನಿಂದ ಕೈ ನಡುಗುತ್ತದೆ, ಔಷಧಿ ತಗೊಳ್ಳುತ್ತಾಳೋ ಇಲ್ಲವೋ, ಯಾರನ್ನು ಕೇಳುವುದು ಎಂದು ಯೋಚಿಸುತ್ತಾ ಆ ಕೈಯನ್ನೇ ನೋಡಿದ. ತನ್ನ ಬೆರಳುಗಳ ಕಡೆ ಅವನ ಗಮನವಿರಲಿಲ್ಲವಾದ್ದರಿಂದ ಅವು ತಮಗೆ ಗೊತ್ತಿದ್ದನ್ನು ಮಾಡಿದವು. ಮೂರನೇ ಸಾಲು ಹೋಯಿತು. ನಾಲ್ಕನೆಯದು ಹೋಯಿತು. ಪುಟ ತಿರುಗಿತು. ಪಾಠ ಮುಗಿಯಿತು. ಒಂದೂ ತಪ್ಪಿಲ್ಲ.

ಮೇಡಂ ಚಪ್ಪಾಳೆ ತಟ್ಟಿದಳು. "ಬೀಗದಣ್ಣ! ಗುರುವಾರದಿಂದ ಎರಡನೇ ಬ್ಯಾಚಿಗೆ ಬನ್ನಿ!"

ಅವನ ಮುಖ ನೋಡಿದ್ದರೆ ನೀವು ಯಾರೋ ಹೋಗಿಬಿಟ್ಟರು ಎಂದುಕೊಳ್ಳುತ್ತಿದ್ದಿರಿ. ಪಿಟೀಲನ್ನು ಪೆಟ್ಟಿಗೆಗೆ ಹಾಕತೊಡಗಿದ. ಒಬ್ಬೊಬ್ಬರೇ ಹೊರಟರು. ಆಗ ಅಕ್ಕ ಬಾಯಿ ಬಿಟ್ಟಳು.

"ಎರಡನೇ ಪರೀಕ್ಷೇಲೇ ಅನುಮಾನ ಬಂತು ಕಣೋ ನಂಗೆ. ಬರದೇ ಇರೋರು ಒಂದೊಂದ್ಸಲ ಒಂದೊಂದು ಕಡೆ ತಪ್ಪು ಮಾಡ್ತಾರೆ, ನನ್ ಥರ. ನೀನು ಮೂರು ಸಲವೂ ಮೂರನೇ ಸಾಲಲ್ಲೇ ಎಡವಿದೆ. ಎರಡು ವರ್ಷ ನನ್ ಕಿವಿ ಪಕ್ಕದಲ್ಲಿ ಕುಯ್ಯೋ ಅನ್ನಿಸ್ದೆ!"

ಪೆಟ್ಟಿಗೆಯ ಮುಚ್ಚಳ ಅವನ ಕೈಯಿಂದ ಜಾರಿತು. "ಗೊತ್ತಿದ್ದೂ ಸುಮ್ನಿದ್ಯಾ?"

"ನೀನೇ ಮಾತಾಡಿಸ್ತೀಯೇನೋ ಅಂತ ಕಾದೆ."

"ಮಾತಾಡಿಸಿದ್ರೆ ನೀನು ಎದ್ದು ಹೋಗ್ತಿದ್ದೆ ಅಕ್ಕ."

"ಹೋಗ್ತಿದ್ದೆ. ಮುಂದಿನ ಮಂಗಳವಾರ ಬರ್ತಿದ್ದೆ. ದುಡ್ಡು ಕೊಟ್ಟು ಸೇರಿದ್ದೀನಿ, ನಿನಗೋಸ್ಕರ ಬಿಡ್ತೀನಾ?" ಅವಳು ಕುರ್ಚಿ ಎಳೆದು ಕೂತಳು. "ಸಂತೋಷ ಪಡ್ಬೇಡ. ನಾನಿನ್ನೂ ಏನನ್ನೂ ಮರೆತಿಲ್ಲ."

"ಮರೆತ್ಬಿಡು ಅಂತ ನಾನೆಲ್ಲಿ ಅಂದೆ?"

"ಅನ್ನು ಮತ್ತೆ! ಅನ್ನೋದಕ್ಕೇನು ಬಾಯಿಲ್ವಾ?"

ಜಗಳ ಶುರುವಾಯಿತು. ಏನು ಚೆಂದದ ಜಗಳ ಅಂತೀರಿ! ರಾಜಿಯಾದರೋ, ಗುರುವಾರ ಅವನು ಹೋದನೋ, ಅವಳು ಅವನನ್ನು ಹೋಗಗೊಟ್ಟಳೋ, ಎಲ್ಲವನ್ನೂ ಬರೆದುಕೊಳ್ಳೋಣವೆಂದು ಮೂಲೆಯ ಸ್ಟೂಲು ಎಳೆದುಕೊಂಡೆ. ಅಕ್ಕ ತಿರುಗಿ ನೋಡಿದಳು.

"ನೀವಿನ್ನೂ ಹೋಗಿಲ್ವಾ ಯಜಮಾನ್ರೇ? ಇದು ನಮ್ಮನೆ ವಿಷಯ. ನಿಮ್ ಜೊತೆ ಬಂದಿರೋರನ್ನೂ ಕರ್ಕೊಂಡು ಹೊರಡಿ. ಹೋಗ್ತಾ ಬಾಗಿಲು ಎಳ್ಕೊಳ್ಳಿ."

ಎಳೆದುಕೊಂಡಿದ್ದೇನೆ. ನೀವು ಸ್ವಲ್ಪ ಈಚೆ ಸರಿಯಿರಿ, ಬಾಗಿಲಿಗೆ ಕಿವಿ ಹಚ್ಚಬೇಡಿ, ಅದು ಚೆನ್ನಾಗಿರುವುದಿಲ್ಲ. ಒಳಗೆ ದನಿ ಏರಿದೆ. ಅಳುವೋ ನಗುವೋ, ಇಲ್ಲಿಂದ ಗೊತ್ತಾಗುತ್ತಿಲ್ಲ.