ಮನೆಯಲ್ಲಿ ಎಷ್ಟು ಜನರಿದ್ದಿರಿ?

ಎಂ.ಎ. ಎರಡನೇ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಇಪ್ಪತ್ತು ವರ್ಷದ ಹಿಂದಿನ ನೆರೆ. ಹೊಳೆ ಉಕ್ಕಿದಾಗ ನಮ್ಮೂರ ಕೆಳಬೀದಿಯ ಯಾವ ಮನೆಗೆ ಎಷ್ಟು ಎತ್ತರ ನೀರು ಬಂತು, ಜನ ಹೇಗೆ ಪಾರಾದರು ಎಂಬುದರ ನಕ್ಷೆ. ಆಗ ನಾವೂ ಅದೇ ಬೀದಿಯಲ್ಲಿದ್ದೆವು. ನನಗೆ ನಾಲ್ಕು ವರ್ಷ. ವಿಷಯ ಕೇಳಿದ ಅಪ್ಪ ಬೇರೇನೂ ಸಿಗಲಿಲ್ಲವಾ ಎಂದು ಗೊಣಗಿದ್ದ. ಯೋಜನೆಯನ್ನು ಮೂರು ಸಲ ತಿದ್ದಿಸಿ ನನ್ನ ತಲೆ ತಿಂದಿದ್ದ ಮಾರ್ಗದರ್ಶಕರು ಕೊನೆಗೊಂದು ಷರತ್ತು ಹಾಕಿದರು: ಪ್ರಶ್ನಾವಳಿಯನ್ನು ಮೊದಲು ಒಂದು ಮನೆಯಲ್ಲಿ ಕೇಳಿ ನೋಡಬೇಕು, ಹಾಳೆ ಸೋಮವಾರ ಮೇಜಿನ ಮೇಲಿರಬೇಕು. ಅಲೆದಾಡಲು ಸೋಮಾರಿತನವಾಗಿ ನಾನು ನಮ್ಮ ಮನೆಯನ್ನೇ ಆರಿಸಿದೆ.

ಅದಕ್ಕೂ ಮೊದಲು ಕೆಳಬೀದಿಗೆ ಹೋಗಿ ಗೋಡೆಗಳ ಮೇಲಿನ ನೀರಿನ ಗುರುತು ಅಳೆದಿದ್ದೆ. ನಾವಿದ್ದ ಮನೆ ಪಾಳುಬಿದ್ದಿತ್ತು. ಒಳಗೆ ಟೇಪು ಹಿಡಿದು ನಿಂತಾಗ, ಎಲ್ಲೋ ಹತ್ತಿರದಲ್ಲೇ ಯಾರೋ ಉಸಿರು ಬಿಗಿಹಿಡಿದು ಕುಳಿತಿದ್ದಾರೆ ಅನ್ನಿಸಿತು. ಅದೂ ಹಾಡಹಗಲು. ನನ್ನನ್ನೇ ಬೈದುಕೊಂಡು, ಅಟ್ಟದ ಕಡೆ ತಲೆಯೆತ್ತದೆ ಹೊರಗೆ ಬಂದೆ. ಅವತ್ತಿನಿಂದ ಯಾವ ಕೋಣೆಗೆ ಹೋದರೂ ಬಾಗಿಲ ಹಿಂದೆ ಯಾರೋ ಇದ್ದಾರೆಂಬ ಭಯ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಅಂಗಿಗೆ ಕಾಲರು ಕೂಡಿಸುತ್ತಿದ್ದಳು. ಅಪ್ಪ ಪೇಪರ್ ಓದುತ್ತಿದ್ದ. ನಾನು ದೊಡ್ಡ ಅಧಿಕಾರಿಯ ಹಾಗೆ ಪೆನ್ನು ಹಿಡಿದದ್ದು ನೋಡಿ, ಜನಗಣತಿಯವರು ಮನೆಯಲ್ಲೇ ಹುಟ್ಟಿಕೊಂಡರಲ್ಲ ಎಂದು ಅಮ್ಮ ನಕ್ಕಳು. ಮನೆ ಬಾಡಿಗೆಯದೋ ಸ್ವಂತದ್ದೋ, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಎಲ್ಲಕ್ಕೂ ಪಟಪಟನೆ ಉತ್ತರ ಬಂತು. ನೆರೆಯ ಹೊತ್ತಿಗೆ ಮನೆಯಲ್ಲಿ ಎಷ್ಟು ಜನರಿದ್ದಿರಿ ಎಂದು ಓದಿ, ಉತ್ತರಕ್ಕೂ ಕಾಯದೆ ಮೂರು ಎಂದು ಬರೆಯಹೋದೆ.

“ನಾಲ್ಕು,” ಎಂದಳು ಅಮ್ಮ.

ಅಕ್ಕ ನೆರೆಗೆ ಒಂದು ವರ್ಷ ಮೊದಲೇ ಜ್ವರದಲ್ಲಿ ಹೋದಳೆಂದು ಹೇಳಿ ನನ್ನನ್ನು ಬೆಳೆಸಿದ್ದರು. ಅದನ್ನೇ ನೆನಪಿಸಿದೆ. ಅಪ್ಪ ಪೇಪರ್ ಮಡಚಿಟ್ಟು, ಸಾಕು, ಬೇರೆ ಯಾರನ್ನಾದರೂ ಕೇಳಿಕೋ ಹೋಗು ಎಂದ. ಅಮ್ಮ ಯಂತ್ರ ನಿಲ್ಲಿಸಿದಳು.

“ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದ್ದೀನಿ. ಇವತ್ತು ಇವಳೇ ಕೇಳ್ತಿದ್ದಾಳೆ. ಸುಳ್ಳು ಬರೆಸ್ಲಾ?”

ಆಮೇಲೆ ಎಲ್ಲವನ್ನೂ ಹೇಳಿದಳು. ಅವತ್ತು ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನೀರು ಹೊಸಿಲು ದಾಟಿದಾಗ ಒಂಬತ್ತು ವರ್ಷದ ಅಕ್ಕ ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ನಾನು ಹೆದರಿ ಅಳಬಾರದೆಂದು ಕಣ್ಣಾಮುಚ್ಚಾಲೆ ಹೂಡಿದಳು. ನೂರು ಎಣಿಸುವವರೆಗೆ ನಾನು ಕಣ್ಣು ಬಿಡಬಾರದು, ಇಳಿಯಬಾರದು. ಅಷ್ಟು ಹೇಳಿ ಕೆಳಗಿಳಿದಳು, ಯಾರನ್ನಾದರೂ ಕರೆತರಲು ಇರಬೇಕು.

“ನಿಂಗೆ ಇಪ್ಪತ್ತರ ತನಕ ಮಾತ್ರ ಬರ್ತಿತ್ತು. ಮತ್ತೆ ಒಂದರಿಂದ ಶುರು ಮಾಡ್ತಿದ್ದೆ. ಅಪ್ಪ ಈಜ್ಕೊಂಡು ಬಂದು ಎತ್ಕೊಂಡಾಗ್ಲೂ ಕಣ್ಣು ಬಿಡ್ಲಿಲ್ಲ. ಅಕ್ಕ ಎಲ್ಲಿ ಅಂದ್ರೆ, ಇನ್ನೂ ನೂರಾಗಿಲ್ಲ ಅಂದೆ.”

ಅವಳು ಸಿಕ್ಕಿದ್ದು ಮೂರನೇ ದಿನ, ಹೊಳೆಯ ತಿರುವಿನಲ್ಲಿ. ನಾನು ತಿಂಗಳುಗಟ್ಟಲೆ ಮಂಚದ ಕೆಳಗೆ, ಬೀರುವಿನ ಹಿಂದೆ ಅವಳನ್ನು ಹುಡುಕುವುದನ್ನು ನೋಡಲಾರದೆ ಜ್ವರದ ಕತೆ ಕಟ್ಟಿದರಂತೆ. ಕಣ್ಣು ಮುಚ್ಚಿ ಕುಳಿತ ಆ ನಾಲ್ಕು ವರ್ಷದ ಹುಡುಗಿಯ ಮೇಲೆ ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

ಸೋಮವಾರ ಮಾರ್ಗದರ್ಶಕರು ಹಾಳೆ ತಿರುವಿದರು. ಸತ್ತವರ ವಿವರದ ಕೊನೆಯ ಭಾಗ ಖಾಲಿಯಿತ್ತು. ಅರೆಬರೆ ಹಾಳೆ ನಡೆಯುವುದಿಲ್ಲ, ತುಂಬು, ಇಲ್ಲವೇ ಹರಿದುಹಾಕಿ ಬೇರೆ ಮನೆ ಹುಡುಕು ಎಂದರು. ಯಾರ ಮನೆಯೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹರಿದರೆ ಅಕ್ಕ ಮತ್ತೆ ಜ್ವರದಲ್ಲೇ ಸಾಯುತ್ತಿದ್ದಳು.

ಅವರ ಎದುರೇ ಕುಳಿತು ಪೆನ್ನು ತೆಗೆದೆ. ಮೃತರು: ಒಬ್ಬರು. ವಯಸ್ಸು: ಒಂಬತ್ತು. ಕಡೆಯ ಪ್ರಶ್ನೆಯನ್ನು ಮಹಾ ಜಾಣೆಯಂತೆ ನಾನೇ ಸೇರಿಸಿದ್ದೆ: ಅವರನ್ನು ಜೀವಂತವಾಗಿ ಕೊನೆಗೆ ನೋಡಿದವರು ಯಾರು?

ನಾನು, ಎಂದು ಬರೆದೆ.