ಕತ್ತರಿಸದ ಶಾಟ್

ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವುದು ತೇಜಸ್ವಿನಿಯ ಕೆಲಸ. ವಿದ್ಯಾರಣ್ಯಪುರಂನ ಸ್ಟುಡಿಯೊದಲ್ಲಿ ಕೂತು ಯಾರ‍್ಯಾರದೋ ಧಾರೆ, ಆರತಕ್ಷತೆಗಳನ್ನು ಹಾಡಿನ ಲಯಕ್ಕೆ ಹೊಂದಿಸುತ್ತಿದ್ದವಳಿಗೆ ತನ್ನದೇ ಒಂದು ಕಿರುಚಿತ್ರ ಮಾಡುವ ಆಸೆ ಹುಟ್ಟಿತು. ಸ್ಟುಡಿಯೊದ ಕ್ಯಾಮೆರಾ, ಅಶೋಕಪುರಂನ ಸ್ವಂತ ಮನೆ, ನಟಿಸಲು ಅಜ್ಜಿ ಚೆಲುವಮ್ಮ. ಕತೆಯೂ ಸಣ್ಣದೇ. ಗಂಡನ ಮನೆಯಿಂದ ಬರಲಿರುವ ಮಗಳಿಗಾಗಿ ತಾಯಿಯೊಬ್ಬಳು ಬೆಳಗಿನಿಂದ ಅಡುಗೆ ಮಾಡಿ ಕಾಯುತ್ತಾಳೆ. ಸಂಜೆ ಬಾಗಿಲು ಸದ್ದಾದಾಗ "ಬಂದ್ಯಾ ಮಗಾ?" ಅನ್ನಬೇಕು. ಅಷ್ಟೇ.

ಆ ಮಾತನ್ನು ಚೆಲುವಮ್ಮ ಹೇಳಲೇ ಇಲ್ಲ. ಬಾಗಿಲ ಕಡೆ ತಿರುಗಿದರು, ಬಾಯಿ ತೆರೆದರು, ಸುಮ್ಮನಾದರು. ಸೆರಗಿನ ತುದಿಯನ್ನು ಮಡಚುತ್ತ, ಬಿಡಿಸುತ್ತ ನಿಂತೇ ಇದ್ದರು. ತೇಜಸ್ವಿನಿ 'ಕಟ್' ಅನ್ನಲಿಲ್ಲ.

ಸ್ಟುಡಿಯೊ ಮಾಲೀಕ ದೊರೆಸ್ವಾಮಿ ಚಿತ್ರ ನೋಡಿ, "ಎಲ್ಲಾ ಚೆನ್ನಾಗೈತೆ ಕಣಮ್ಮ. ಆ ಕೊನೇ ಶಾಟ್ ಮಾತ್ರ ಕತ್ತರಿಸ್ಬುಡು. ಜನ ಎದ್ದು ಹೋಯ್ತಾರೆ" ಅಂದರು. ದೊಡ್ಡ ದೊಡ್ಡ ಚಿತ್ರೋತ್ಸವಗಳು ಆಯ್ಕೆಯಾಗಿಲ್ಲವೆಂದು ವಿಷಾದ ತಿಳಿಸಿ ಮೇಲ್ ಕಳಿಸಿದವು. ಅಂಥ ಮೇಲ್ ಬಂದಾಗಲೆಲ್ಲ ಆಕೆ ಫೈಲ್ ತೆರೆದು, ಕತ್ತರಿಸಲೆಂದು ಆ ಶಾಟಿನ ಮೇಲೆ ಮೌಸ್ ಇಟ್ಟು, ಕತ್ತರಿಸದೆ ಹಾಗೇ ಮುಚ್ಚಿಬಿಡುತ್ತಿದ್ದಳು.

ಬೋಗಾದಿಯಲ್ಲಿ ಕೆಲವು ಗೆಳೆಯರು ಸೇರಿ ಯೋಗಶಾಲೆಯೊಂದರ ಹಾಲ್‌ನಲ್ಲಿ ಪುಟ್ಟ ಸ್ವತಂತ್ರ ಚಿತ್ರೋತ್ಸವ ನಡೆಸುತ್ತಿದ್ದರು. ಅವರಲ್ಲೊಬ್ಬಳಾದ ಲಹರಿ ಎಂಬ ಹುಡುಗಿ ಫೋನ್ ಮಾಡಿ, "ನಿಮ್ ಸಿನಿಮಾ ತಗೊಂಡಿದೀವಿ. ಅಜ್ಜೀನೂ ಕರ‍್ಕೊಂಡ್ ಬನ್ನಿ" ಅಂದಾಗ ತೇಜಸ್ವಿನಿಗೆ ನಂಬಿಕೆಯೇ ಬರಲಿಲ್ಲ.

ಆ ಭಾನುವಾರ ಕಿಟಕಿಗಳಿಗೆ ಜಮಖಾನ ಇಳಿಬಿಟ್ಟು ಕತ್ತಲೆ ಮಾಡಿದ್ದರು. ಚೆಲುವಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತರು. ಕೊನೆಯ ಶಾಟ್ ಬಂದಾಗ ಹಿಂದೆ ನಿಂತಿದ್ದ ತೇಜಸ್ವಿನಿ ಪರದೆ ನೋಡಲಿಲ್ಲ, ಜನರ ಬೆನ್ನುಗಳನ್ನೇ ನೋಡುತ್ತಿದ್ದಳು. ಯಾರೂ ಏಳಲಿಲ್ಲ. ಕೆಮ್ಮು ಬಂದ ಒಬ್ಬರು ಕೂಡ ಅದನ್ನು ಕರವಸ್ತ್ರದೊಳಗೆ ಅದುಮಿಕೊಂಡರು.

ದೀಪ ಹತ್ತಿದ ಮೇಲೆ ಮಾತುಕತೆ. ಸಿನಿಮಾಗಳಿಗೆ ಧ್ವನಿಗ್ರಹಣ ಮಾಡುವ ಸುಚಿತ್ರಾ ಎಂಬ ಹೆಂಗಸು ಎದ್ದು ಕೇಳಿದರು: "ಕೊನೇ ಶಾಟನ್ನ ಅಷ್ಟು ಹೊತ್ತು ಯಾಕೆ ಬಿಟ್ರಿ? ತಪ್ಪು ಅಂತಲ್ಲ. ತಿಳ್ಕೊಳೋ ಆಸೆ."

ಆ ಶಾಟಿನ ಬಗ್ಗೆ ಎಲ್ಲರೂ ಸಲಹೆ ಕೊಟ್ಟಿದ್ದರೇ ಹೊರತು ಹೀಗೆ ಯಾರೂ ಕೇಳಿರಲಿಲ್ಲ. ತೇಜಸ್ವಿನಿ ಮೈಕ್ ಹಿಡಿದಳು. ಅಜ್ಜಿಯ ಕಡೆ ನೋಡಿದಳು.

"ಅವ್ಳುನ್ನೇನ್ ಕೇಳೀರಿ, ನಾನ್ ಏಳ್ತೀನಿ ಬುಡಿ" ಎಂದು ಚೆಲುವಮ್ಮ ಕೂತಲ್ಲೇ ಹಿಂದಕ್ಕೆ ತಿರುಗಿದರು. "ಇವಳವ್ವ, ನನ್ ಮಗಳು, ತೀರೋಗಿ ಬಾಳಾ ವರ್ಸ ಆಯ್ತು ಕಣ್ರವ್ವ. ಅದೇ ಬಾಗ್ಲಲ್ಲಿ ಬಂದು ನಿಂತ್ಕಳೋಳು. ಆವತ್ತು ಮಾತು ಗಂಟ್ಲಲ್ಲೇ ಉಳ್ಕತು. ಇನ್ನೊಂದ್ಸಲ ಏಳು ಅಂತ ಈ ಕೂಸು ಕೇಳ್ನಿಲ್ಲ. ಕ್ಯಾಮೆರಾ ಇಂದೆ ನಿಂತ್ಕಂಡು ಅಳ್ತಿದ್ಲು. ನಂಗೆ ಕಾಣ್ನಿಲ್ಲ ಅನ್ಕಂಡವ್ಳೆ."

ಸುಚಿತ್ರಾ ಕೈಮುಗಿದು ಕೂತರು.

ಆಮೇಲೆ ಹೊರಗೆ ಟೀ ಕುಡಿಯುವಾಗ ಅವರೇ ಬಂದು ಮಾತಾಡಿಸಿದರು. "ಆ ಶಾಟ್‌ನಲ್ಲಿ ಒಲೆ ಮೇಲೆ ಸಾರು ಕುದಿಯೋದು ಸರಿಯಾಗಿ ಕೇಳ್ತಾ ಇಲ್ಲ. ಅದು ಕೇಳ್ಬೇಕು. ಮನೆಗೆ ಬಂದು ರೆಕಾರ್ಡ್ ಮಾಡ್ಕೊಡ್ತೀನಿ, ಆಗಬಹುದಾ? ಮುಂದಿನ ಸಿನಿಮಾಕ್ಕೆ ಮಾತ್ರ ಮೊದಲ್ನೇ ದಿನದಿಂದ್ಲೇ ಕರೀಬೇಕು."

ಮುಂದಿನ ಸಿನಿಮಾ! ತೇಜಸ್ವಿನಿ ಅಂಥದೊಂದನ್ನು ಯೋಚಿಸಿಯೇ ಇರಲಿಲ್ಲ. "ಖಂಡಿತ ಕರೀತೀನಿ ಮೇಡಂ" ಅಂದುಬಿಟ್ಟಳು.

ವಾಪಸು ಬಸ್ಸಿನಲ್ಲಿ ಚೆಲುವಮ್ಮ ಕಿಟಕಿಯಾಚೆ ನೋಡುತ್ತ, "ನಿಮ್ಮವ್ವ ಒಂದಿನಾನೂ ಬಾಗ್ಲು ತಟ್ನಿಲ್ಲ ಗೊತ್ತಾ? ಬೀದಿ ಕೊನೆಯಿಂದ್ಲೇ ಮಾತಾಡ್ಕಂಡು ಬರೋಳು" ಅಂದರು.

ಮನೆಯಲ್ಲಿ ಅವ್ವನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದ ಅಜ್ಜಿ ಇವರು. ತೇಜಸ್ವಿನಿ ಹತ್ತಿರ ಸರಿದಳು.

"ಅವ್ವ ಏನಂತ ಮಾತಾಡೋಳು ಅಜ್ಜಿ?"

"ಏನಂತಾನಾ? ಅಯ್ಯೋ, ಕೇಳು..." ಚೆಲುವಮ್ಮ ಮೊಮ್ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನಗುತ್ತಾ ಹೇಳತೊಡಗಿದರು.