ನೀಲಿಯಾದ ಮೇಲೆ

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷಕ್ಕೆ ನಾನು ಸುಳ್ಳು ಅಂಕಿಯೊಂದನ್ನು ಬರೆದೆ: ಲೀಟರಿಗೆ ೬೨೮ ಮಿಲಿಗ್ರಾಂ.

ಪ್ರಯೋಗಾಲಯದಲ್ಲಿ ನೀರಿನ ಗಡಸುತನ ಅಳೆಯುವುದು ನನ್ನ ಕೆಲಸ. ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಸೂಚಕ ಹಾಕಿ ಕೆಂಪಾಗಿಸಿದ ನೀರು ನೀಲಿಯಾದ ಹನಿಗೇ ನಿಲ್ಲಿಸಬೇಕು. ಆಮೇಲೆ ಎಷ್ಟು ಸುರಿದರೂ ನೀಲಿಯೇ, ತಪ್ಪು ಕಾಣಿಸದು; ಗಡಸುತನದ ಅಂಕಿ ಮಾತ್ರ ಏರುತ್ತದೆ. ಒಬ್ಬಳೇ ಇದ್ದರೆ ನನ್ನ ಕೈ ಅಲುಗುವುದಿಲ್ಲ. ಯಾರಾದರೂ ನೋಡಿದರೆ ಬೆರಳುಗಳು ನಡುಗುತ್ತವೆ. ಹನ್ನೊಂದು ವರ್ಷ ಎಲ್ಲರೂ ಊಟಕ್ಕೆ ಹೋದಾಗ ಕೆಲಸ ಮುಗಿಸಿಕೊಂಡಿದ್ದೆ. ಆ ಗುರುವಾರದಿಂದ ಹೊಸ ನಿಯಮ: ಪ್ರತಿ ಪರೀಕ್ಷೆಗೂ ಪಕ್ಕದಲ್ಲೊಬ್ಬ ಸಾಕ್ಷಿ.

ಸಾಕ್ಷಿಗೆ ಬಂದವನು ಸ್ಟೋರ್‌ಕೀಪರ್. "ನಮ್ಮ ಮುಟ್ಟಿದರೆಮುನಿ ನೋಡಿದ್ರೂ ಮುನಿಯತ್ತೆ ಕಣ್ರೋ!" ಎಂದ. ಪಕ್ಕದ ಮೇಜಿನ ಮೂವರು ನಕ್ಕರು. ಬ್ಯುರೆಟ್ಟಿನ ತಿರುಪು ಜಾರಿ ದ್ರಾವಣ ಹೆಚ್ಚಾಗಿ ಸುರಿಯಿತು. ಮತ್ತೆ ಮಾಡುತ್ತೇನೆಂದರೆ ಮತ್ತೆ ನೋಡುತ್ತಾರೆ. ಹಾಗೇ ಬರೆದುಬಿಟ್ಟೆ, ಅವನು ಸಹಿ ಗೀಚಿದ.

ನಾಲ್ಕು ಗಂಟೆಗೆ ನಮ್ಮ ಮುಖ್ಯಸ್ಥೆ ಮೇಡಂ ವರದಿ ಹಿಡಿದು ಬಂದರು. "ಮಿತಿ ಆರುನೂರು, ದಾಟಿಬಿಟ್ಟಿದೆ. ನಾಳೆಯಿಂದ ಈ ನೀರು ಬಂದ ಬಾವಿಗೆ ಬೀಗ. ನಲವತ್ತು ಮನೆಗೆ ಅದೊಂದೇ ನೀರು, ಪಾಪ."

ಸಿಟ್ಟು ನೆತ್ತಿಗೇರಿತು. ಮೊದಲು ನನ್ನ ಮೇಲೆಯೇ: ಮೂರು ಜನರ ನಗುವಿಗೆ ಹೆದರಿ ನಲವತ್ತು ಮನೆಯ ನೀರು ಕಿತ್ತುಕೊಂಡಿದ್ದೆ.

"ಅದು ತಪ್ಪು, ಮೇಡಂ. ಕೈ ನಡುಗಿ ಜಾಸ್ತಿ ಬಿತ್ತು. ಹೆದರಿ ಹಾಗೇ ಬರೆದೆ."

"ಅಯ್ಯೋ ತಾಯಿ, ಈಗ ಹೇಳ್ತೀಯಾ? ನನ್ನ ಸಹಿ ಇದೆ ಅದ್ರಲ್ಲಿ!" ಸ್ಟೋರ್‌ಕೀಪರ್ ಎದ್ದೇಬಿಟ್ಟ.

"ನಿಮ್ಮ ಕಣ್ಣು ನನ್ನ ಕೈ ಮೇಲಿತ್ತಲ್ಲಣ್ಣ, ಬ್ಯುರೆಟ್ ಮೇಲಿರ್ಲಿಲ್ಲ. ಸಾಕ್ಷಿಗೆ ನಿಂತಿದ್ರಾ, ತಮಾಷೆಗಾ? ಬನ್ನಿ, ಎಲ್ಲರೂ ಬನ್ನಿ. ಕಣ್ತುಂಬ ನೋಡ್ಕೊಳ್ಳಿ."

ಉಳಿದಿದ್ದ ನೀರಿನಿಂದ ಐವತ್ತು ಮಿಲಿಲೀಟರ್ ಅಳೆದುಕೊಂಡೆ. ಐವರು ಸುತ್ತ ನಿಂತರು. ಕೈ ಬೆಳಿಗ್ಗೆಗಿಂತ ಹೆಚ್ಚೇ ನಡುಗಿತು. ಜಾಸ್ತಿ ಬಿತ್ತು. "ಹೋಯ್ತು," ಎಂದು ಗಟ್ಟಿಯಾಗಿ ಹೇಳಿ ಸಿಂಕಿಗೆ ಚೆಲ್ಲಿದೆ. ಎರಡನೆಯದೂ ಹೋಯಿತು. ಸ್ಟೋರ್‌ಕೀಪರ್ ಏನೋ ಹೇಳಲು ಬಾಯಿ ತೆರೆದ.

"ನಗೋದಿದ್ರೆ ನಕ್ಕು ಮುಗಿಸಿ. ನಾನಿಲ್ಲಿಂದ ಏಳಲ್ಲ."

ಮೂರನೆಯ ಸಲ, ಬಣ್ಣ ಮಾಸತೊಡಗಿದ ಮೇಲೆ, ಒಂದು ಹನಿ ಬಿಟ್ಟು ತಿರುಪು ಮುಚ್ಚಿದೆ. ಫ್ಲಾಸ್ಕ್ ಅಲುಗಿಸಿ ಇನ್ನೊಂದು ಬಿಟ್ಟೆ. ನಡುಕ ನಿಲ್ಲಲೇ ಇಲ್ಲ. ಕೊನೆಗೆ ಒಂದು ಹನಿಗೆ ನೀಲಿಯಾಯಿತು.

"ಓದಿ," ಎಂದೆ.

ಸ್ಟೋರ್‌ಕೀಪರ್ ಮಂಡಿಯೂರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಎರಡು ಸಲ ನೋಡಿ ಓದಿದ. ನಾನು ಲೆಕ್ಕ ಹಾಕಿ ಬರೆದೆ: ಲೀಟರಿಗೆ ೫೭೮ ಮಿಲಿಗ್ರಾಂ.